ಎರಡು ಸಲ ಬಂದೆ, ಬಾಗಿಲು ಹಾಕಿತ್ತು

"ಎರಡು ಸಲ ಬಂದೆ, ಎರಡು ಸಲಾನೂ ಬಾಗಿಲು ಹಾಕಿತ್ತು. ವೇಸ್ಟ್." ಅದರ ಪಕ್ಕದಲ್ಲಿ ಐದಕ್ಕೆ ಒಂದೇ ನಕ್ಷತ್ರ.

ಸಂಜೆ ಏಳೂವರೆಯಾಗಿತ್ತು. ನಾನು ದಿನಾ ಹೋಗುವ ತಾಲ್ಲೂಕು ಗ್ರಂಥಾಲಯದಲ್ಲಿ ಉಳಿದಿದ್ದ ಕೊನೆಯ ಓದುಗರು ಒಬ್ಬ ನಿವೃತ್ತ ಮೇಷ್ಟ್ರು. ಅವರು ಎಂದಿನಂತೆ ಕಿಟಕಿ ಪಕ್ಕದಲ್ಲಿದ್ದ ತಮ್ಮ ಕುರ್ಚಿಯನ್ನು ಎತ್ತಿ ತಂದು ಪೇಪರ್ ಮೇಜಿನ ಬಳಿ ಇಟ್ಟು, ಛತ್ರಿ ಹಿಡಿದು ಹೊರಟರು. ಗ್ರಂಥಪಾಲಕರು ಹರಡಿ ಬಿದ್ದಿದ್ದ ಪತ್ರಿಕೆಯ ಹಾಳೆಗಳನ್ನು ಪುಟಸಂಖ್ಯೆ ನೋಡಿ ಜೋಡಿಸುತ್ತಿದ್ದವರು ಅದನ್ನು ಅಲ್ಲಿಗೇ ಬಿಟ್ಟು, ಫೋನನ್ನು ನನ್ನ ಮುಂದೆ ಹಿಡಿದರು. "ನೋಡಿ ಸಾರ್ ಇದನ್ನ. ನಾನು ರಜೆ ಹಾಕಿ ಎಷ್ಟು ತಿಂಗಳಾಯ್ತು ಅಂತ ನಿಮಗೇ ಗೊತ್ತಲ್ಲ. ಬಾಗಿಲು ಹಾಕಿತ್ತಂತೆ!" ದನಿಯಲ್ಲಿ ಸಿಟ್ಟಿಗಿಂತ ನೋವು ಹೆಚ್ಚಾಗಿತ್ತು.

ಇಬ್ಬರೂ ಬೆಂಚಿನ ಮೇಲೆ ಕೂತು ಆ ಪುಟವನ್ನು ಮೇಲೆ ಕೆಳಗೆ ಸರಿಸಿ ನೋಡಿದೆವು. ಫೋನಿನ ನಕಾಶೆಯಲ್ಲಿ ಗ್ರಂಥಾಲಯದ ಹೆಸರಿನ ಕೆಳಗೇ ವೇಳಾಪಟ್ಟಿ ಇತ್ತು. ಸೋಮವಾರದಿಂದ ಶನಿವಾರದವರೆಗೆ ಬೆಳಗ್ಗೆ ಹತ್ತರಿಂದ ಐದು, ಭಾನುವಾರ ರಜೆ. ಯಾರೋ ಸಾಮಾನ್ಯ ಕಚೇರಿಯ ವೇಳೆಯನ್ನು ಅಂದಾಜಿನ ಮೇಲೆ ತುಂಬಿಬಿಟ್ಟಿದ್ದರು. ಈ ಗ್ರಂಥಾಲಯಕ್ಕೆ ವಾರದ ರಜೆ ಇರುವುದು ಸೋಮವಾರ. ಭಾನುವಾರ ತೆರೆದಿರುತ್ತದೆ, ಅಂದೇ ಜನವೂ ಹೆಚ್ಚು. ಆ ಓದುಗ ಬಂದದ್ದು ಎರಡು ಸೋಮವಾರ ಇರಬೇಕು. ಫೋನನ್ನು ನಂಬಿ ಬಂದು, ಬೀಗ ನೋಡಿ, ಹಿಂದಿರುಗಿದ್ದಾರೆ. ನಾವು ತಿದ್ದುಪಡಿ ಕಳಿಸಿದೆವು. ಹತ್ತು ನಿಮಿಷದ ಕೆಲಸ. ಆದರೆ ಆ ಹತ್ತು ನಿಮಿಷ ಯಾರೂ ಕೊಡದೆ ಇದ್ದದ್ದರಿಂದ ಎಷ್ಟು ಜನ ಸುಮ್ಮನೆ ಬಂದು ಸುಮ್ಮನೆ ಹೋಗಿರಬಹುದು ಎಂದು ಯೋಚಿಸಿ ಇಬ್ಬರಿಗೂ ಬೇಜಾರಾಯಿತು.

ಸೋಪು, ಟೂತ್‌ಪೇಸ್ಟು, ಮೊಬೈಲು ಮಾರುವ ಕಂಪನಿಗಳು ಜನ ಅಂತರ್ಜಾಲದಲ್ಲಿ ತಮ್ಮ ಬಗ್ಗೆ ಏನು ಮಾತಾಡಿಕೊಳ್ಳುತ್ತಾರೆ ಎಂದು ಹಗಲೂ ರಾತ್ರಿ ಕಿವಿಗೊಟ್ಟು ಕೂತಿರುತ್ತವೆ. ಅದಕ್ಕೆ 'ಸೋಷಿಯಲ್ ಲಿಸನಿಂಗ್' ಎಂಬ ಹೆಸರಿದೆ, ಅದಕ್ಕೆಂದೇ ತಂತ್ರಾಂಶಗಳಿವೆ, ಸಂಬಳದ ಮೇಲೆ ಜನರಿದ್ದಾರೆ. ಸಾರ್ವಜನಿಕ ಗ್ರಂಥಾಲಯಕ್ಕೆ ಅಷ್ಟೆಲ್ಲ ಇಲ್ಲ, ಇರಬೇಕಾಗಿಯೂ ಇಲ್ಲ. ಆದರೆ ಕೇಳಿಸಿಕೊಳ್ಳುವ ವಿಜ್ಞಾನ ಅದಕ್ಕೆ ಪರಕೀಯವೇನಲ್ಲ. ಈ ವಿದ್ಯೆಯ ಒಳ್ಳೆಯ ಸಲಕರಣೆಗಳಲ್ಲಿ ಕೆಲವನ್ನು ಗ್ರಂಥಪಾಲಕರೇ ಮಾಡಿಕೊಟ್ಟಿದ್ದಾರೆ. ಅವರಲ್ಲಿ ಒಬ್ಬರು ಬಾಳಿನ ಕೊನೆಯ ವರ್ಷಗಳನ್ನು ಕಳೆದದ್ದು ನಮ್ಮ ಬೆಂಗಳೂರಿನಲ್ಲೇ.

ಮೊದಲು ಮಾತು ಸಿಗಬೇಕು. ಗೂಗಲ್ 2003ರಲ್ಲಿ ಒಂದು ಸೌಲಭ್ಯ ತೆರೆಯಿತು. ಒಂದು ಪದ ಬರೆದುಕೊಟ್ಟರೆ, ಆ ಪದ ಗೂಗಲ್ ಹುಡುಕಾಟದಲ್ಲಿ ಹೊಸದಾಗಿ ಕಾಣಿಸಿದಾಗ ಮಿಂಚಂಚೆಯಲ್ಲಿ ತಿಳಿಸುತ್ತದೆ. ಕೇಳಲು ಸುಲಭ. ಆದರೆ ಯಾವ ಪದ ಕೊಡುವುದು? ಬೆಂಗಳೂರಿನ ಕಬ್ಬನ್ ಪಾರ್ಕಿನಲ್ಲಿ 1915ರ ಕೆಂಪು ಕಟ್ಟಡವೊಂದಿದೆ. ಅದರ ಹೆಸರು ಶೇಷಾದ್ರಿ ಅಯ್ಯರ್ ಸ್ಮಾರಕ ಭವನ, ಅಲ್ಲಿರುವುದು ರಾಜ್ಯ ಕೇಂದ್ರ ಗ್ರಂಥಾಲಯ. ಆಟೋ ಚಾಲಕರಿಗೆ ಅದು ಕಬ್ಬನ್ ಪಾರ್ಕ್ ಲೈಬ್ರರಿ. ಹುಡುಗರಿಗೆ ಬರೀ ಸೆಂಟ್ರಲ್ ಲೈಬ್ರರಿ, ಮತ್ತು ಅದೇ ಹೆಸರಿನಲ್ಲಿ ಅವರು ತಮ್ಮ ಕಾಲೇಜಿನ ಗ್ರಂಥಾಲಯವನ್ನೂ ಕರೆಯುತ್ತಾರೆ. ಕೆಲವರು ಹೆಸರೇ ಬರೆಯದೆ ಕೆಂಪು ಗೋಡೆಯ ಫೋಟೊ ಹಾಕಿ ಒಂದು ಹೃದಯದ ಗುರುತು ಒತ್ತಿರುತ್ತಾರೆ. ಇನ್ನು 'ಲೈಬ್ರರಿ' ಎಂಬ ಪದವನ್ನೇ ಕೊಟ್ಟು ಬೆಂಗಳೂರಿನ ಮಾತು ಹುಡುಕಿದರೆ ಸಾಫ್ಟ್‌ವೇರಿನವರ ಮಾತೆಲ್ಲ ಬಂದು ಬೀಳುತ್ತದೆ. ಅವರ ವೃತ್ತಿಯಲ್ಲಿ ಮೊದಲೇ ಬರೆದಿಟ್ಟ ಪ್ರೋಗ್ರಾಮುಗಳ ಕಟ್ಟಿಗೂ ಲೈಬ್ರರಿ ಎನ್ನುತ್ತಾರೆ. "ಈ ಲೈಬ್ರರಿ ಹಳೇದು, ಕ್ರ್ಯಾಶ್ ಆಗ್ತಿದೆ" ಎಂದು ಯಾರಾದರೂ ಬರೆದರೆ ಕಟ್ಟಡ ಕುಸಿಯಿತೇನೋ ಎಂದು ಗಾಬರಿಯಾಗಬೇಕು.

ಅಂದರೆ ಎರಡು ಬಗೆಯ ತಪ್ಪು ಸಾಧ್ಯ. ಬೇಡದ್ದು ಬರಬಹುದು, ಬೇಕಾದ್ದು ತಪ್ಪಿಹೋಗಬಹುದು. ಮೊರದಲ್ಲಿ ಅಕ್ಕಿ ಕೇರುವವರಿಗೆ ಇದು ಚೆನ್ನಾಗಿ ಗೊತ್ತು. ಮೆಲ್ಲಗೆ ಕೇರಿದರೆ ಅಕ್ಕಿಯಲ್ಲಿ ಹೊಟ್ಟು ಉಳಿಯುತ್ತದೆ, ಜೋರಾಗಿ ಕೇರಿದರೆ ಹೊಟ್ಟಿನ ಜೊತೆ ಅಕ್ಕಿಯೂ ಹಾರುತ್ತದೆ. ಇದನ್ನು ಅಳತೆಗೆ ತಂದು ತೋರಿಸಿದವರು ಸಿರಿಲ್ ಕ್ಲೆವರ್ಡನ್. ಇಂಗ್ಲೆಂಡಿನ ಕ್ರಾನ್‌ಫೀಲ್ಡಿನಲ್ಲಿದ್ದ ವಿಮಾನ ವಿಜ್ಞಾನ ಕಾಲೇಜಿನ ಗ್ರಂಥಪಾಲಕರು. ಸಂಶೋಧನಾ ಪ್ರಬಂಧಗಳಿಗೆ ಸೂಚಿ ಮಾಡುವ ಬೇರೆ ಬೇರೆ ಪದ್ಧತಿಗಳಲ್ಲಿ ಯಾವುದು ಮೇಲು ಎಂದು ಆಗ ಪಂಡಿತರು ಜಗಳವಾಡುತ್ತಿದ್ದರು. ಕ್ಲೆವರ್ಡನ್ ಅದನ್ನು ಪ್ರಯೋಗಕ್ಕೇ ಹಚ್ಚಿದರು. 1950ರ ದಶಕದ ಕೊನೆಗೆ ಶುರುವಾದ ಆ ಪ್ರಯೋಗಗಳ ಎರಡನೇ ಸುತ್ತು 1960ರ ದಶಕದಲ್ಲಿ ಮುಗಿಯಿತು. ಅದರಲ್ಲಿ ವಾಯುಚಲನೆಯ ಬಗೆಗಿನ ಸುಮಾರು 1,400 ಪ್ರಬಂಧಗಳನ್ನು ಇಟ್ಟುಕೊಂಡು, ಪ್ರತಿ ಪ್ರಶ್ನೆಗೂ ಯಾವ ಪ್ರಬಂಧ ಸರಿಯಾದ ಉತ್ತರ ಎಂದು ಮೊದಲೇ ಗೊತ್ತುಮಾಡಿ, ಒಂದೊಂದು ಪದ್ಧತಿ ಎಷ್ಟನ್ನು ಹಿಡಿಯುತ್ತದೆ ಎಂದು ಎಣಿಸಿದರು. ಕೈಗೆ ಬಂದದ್ದರಲ್ಲಿ ಬೇಕಾದ್ದು ಎಷ್ಟು ಪಾಲು ಎಂಬುದು ನಿಖರತೆ. ಬೇಕಾದ್ದರಲ್ಲಿ ಕೈಗೆ ಬಂದದ್ದು ಎಷ್ಟು ಪಾಲು ಎಂಬುದು ವ್ಯಾಪ್ತಿ. ಒಂದನ್ನು ಏರಿಸಹೊರಟರೆ ಇನ್ನೊಂದು ಇಳಿಯುತ್ತದೆ ಎಂಬುದು ಅವರಿಗೆ ಮತ್ತೆ ಮತ್ತೆ ಕಂಡಿತು. ಪಂಡಿತರು ಕಟ್ಟಿದ ಸೂಕ್ಷ್ಮ ಪದ್ಧತಿಗಳಿಗಿಂತ, ಪ್ರಬಂಧದೊಳಗಿನ ಬಿಡಿ ಪದಗಳನ್ನೇ ಹಿಡಿದು ಹುಡುಕುವುದು ಚೆನ್ನಾಗಿ ಕೆಲಸ ಮಾಡಿತು ಎಂಬುದು ಅಲ್ಲಿ ಎಲ್ಲರನ್ನೂ ಬೆರಗಾಗಿಸಿದ ಫಲಿತಾಂಶ.

ಒಂದು ಲೆಕ್ಕ ಮಾಡಿಕೊಳ್ಳೋಣ. 'ಲೈಬ್ರರಿ' ಎಂಬ ಪದವಿರುವ 1,000 ಮಾತುಗಳು ಇವೆ ಎನ್ನಿ. ಅವುಗಳಲ್ಲಿ ನಿಜವಾಗಿ ನಮ್ಮ ಗ್ರಂಥಾಲಯದ್ದು 100. ಯಂತ್ರ 150ನ್ನು ಎತ್ತಿ ಕೊಟ್ಟಿತು, ಅದರಲ್ಲಿ 90 ನಮ್ಮವು. ಆಗ ವ್ಯಾಪ್ತಿ ನೂರಕ್ಕೆ 90, ನಿಖರತೆ ನೂರಕ್ಕೆ 60. ಇದು ಒಳ್ಳೆಯ ಫಲಿತಾಂಶವೋ ಕೆಟ್ಟದ್ದೋ? ದೊಡ್ಡ ನಗರದ ಗ್ರಂಥಾಲಯವಾದರೆ 60 ಹೊಟ್ಟನ್ನು ತೆಗೆಯುತ್ತಾ ಕೂರಲು ಯಾರಿಗೂ ಪುರಸೊತ್ತಿಲ್ಲ. ನಮ್ಮ ತಾಲ್ಲೂಕಿನಂಥ ಕಡೆ ನಾನು ವ್ಯಾಪ್ತಿಯ ಪರ. ಬೇಡದ ಹತ್ತು ಮಾತನ್ನು ಕಣ್ಣಲ್ಲೇ ನೋಡಿ ಬಿಸಾಕಬಹುದು. ಮೆಟ್ಟಿಲಿನ ಕಟ್ಟೆ ಒಡೆದಿದೆ, ಅಜ್ಜಿ ಬಿದ್ದರು ಎಂಬ ಒಂದು ಮಾತು ತಪ್ಪಿಹೋದರೆ ಅದು ಮತ್ತೆ ಸಿಗುವುದಿಲ್ಲ.

ಸಿಕ್ಕ ಮಾತು ಹೊಗಳಿಕೆಯೋ ತೆಗಳಿಕೆಯೋ ಎಂದು ತಿಳಿಯುವುದು ಮುಂದಿನ ಕೆಲಸ. ಇದರಲ್ಲಿ ಎಲ್ಲರೂ ನೆನೆಯುವ ಪ್ರಯೋಗ 2002ರದ್ದು. ಬೋ ಪಾಂಗ್, ಲಿಲಿಯನ್ ಲೀ ಮತ್ತು ಶಿವಕುಮಾರ್ ವೈದ್ಯನಾಥನ್ ಸೇರಿ 1,400 ಸಿನಿಮಾ ವಿಮರ್ಶೆಗಳನ್ನು ತೆಗೆದುಕೊಂಡರು, ಅರ್ಧ ಹೊಗಳಿದ್ದು, ಅರ್ಧ ತೆಗಳಿದ್ದು. ವಾಕ್ಯಗಳ ಕ್ರಮವನ್ನೆಲ್ಲ ಮರೆತು, ಪದಗಳನ್ನು ಒಂದು ಚೀಲಕ್ಕೆ ಸುರಿದು, ಯಾವ ಪದ ಇದೆ ಯಾವುದು ಇಲ್ಲ ಎಂದಷ್ಟೇ ಯಂತ್ರಕ್ಕೆ ಕಲಿಸಿದರು. ಅಷ್ಟು ಒರಟಾದ ವಿಧಾನದಲ್ಲೂ ಯಂತ್ರ ನೂರಕ್ಕೆ ಸುಮಾರು 83 ಸಲ ಸರಿ ಹೇಳಿತು. ಉಳಿದ 17 ಎಲ್ಲಿ ತಪ್ಪಿತು ಎಂದು ನೋಡಿದಾಗ ಒಂದು ಸೊಗಸಾದ ಕಾರಣ ಸಿಕ್ಕಿತು. ಜನ ಒಳ್ಳೆಯದನ್ನೆಲ್ಲ ಸಾಲಾಗಿ ಹೇಳಿ ಕೊನೆಗೆ ಒಂದೇ ಮಾತಿನಲ್ಲಿ ಮಗುಚಿ ಹಾಕುತ್ತಾರೆ. ನಮ್ಮಲ್ಲಾದರೆ ಹೀಗೆ: "ಕಟ್ಟಡ ಚೆನ್ನಾಗಿದೆ, ಸುತ್ತ ಒಳ್ಳೇ ನೆರಳಿದೆ, ಕುರ್ಚಿ ಹೊಸದು, ಪೇಪರ್ ಎಲ್ಲಾ ಬರುತ್ತೆ. ಏನು ಬಂತು, ಬೇಕಾದ ಪುಸ್ತಕ ಮಾತ್ರ ಬೀರುವಿನ ಒಳಗೆ ಬೀಗದಲ್ಲಿದೆ." ಚೀಲದಲ್ಲಿ ಒಳ್ಳೆಯ ಪದಗಳೇ ಹೆಚ್ಚು. ಮಾತು ಮಾತ್ರ ದೂರು.

ಅದೇ ವರ್ಷ ಕೆನಡಾದ ಪೀಟರ್ ಟರ್ನಿ ಇನ್ನೊಂದು ವಿಧಾನದಲ್ಲಿ 410 ವಿಮರ್ಶೆಗಳನ್ನು ಪರೀಕ್ಷಿಸಿದ್ದರು. ಕಾರುಗಳ ಬಗ್ಗೆ ಬರೆದದ್ದನ್ನು ಯಂತ್ರ ನೂರಕ್ಕೆ 84 ಸಲ ಸರಿಯಾಗಿ ಗುರುತಿಸಿದರೆ, ಸಿನಿಮಾಗಳಲ್ಲಿ 66ಕ್ಕೇ ನಿಂತಿತು. ಸಿನಿಮಾದೊಳಗಿನ ಕೇಡು, ಕ್ರೌರ್ಯ, ಭಯ ಎಲ್ಲವೂ ವಿಮರ್ಶೆಯಲ್ಲಿ ಬರುತ್ತವೆ. ಆದರೆ ಸಿನಿಮಾ ಚೆನ್ನಾಗಿರಬಹುದು. ಪದದ ಬೆಲೆ ಅದು ನಿಂತ ಜಾಗದಿಂದ ಬರುತ್ತದೆ ಎಂಬುದನ್ನು ಗ್ರಂಥಾಲಯದಲ್ಲಿ ನೋಡಬೇಕು. ಹೋಟೆಲಿನ ಬಗ್ಗೆ "ಬಿಕೋ ಅನ್ನುತ್ತೆ, ಜನಾನೇ ಇಲ್ಲ" ಎಂದರೆ ಬೈಗುಳ. ಗ್ರಂಥಾಲಯದ ಬಗ್ಗೆ ಕೆಎಎಸ್‌ಗೆ ಓದುವ ಹುಡುಗಿ ಅದೇ ಮಾತು ಬರೆದರೆ ಹೊಗಳಿಕೆ, ಊರಿನ ಹಿರಿಯರು ಬರೆದರೆ ಸಂಕಟ. "ಬರೀ ಹಳೇ ಪುಸ್ತಕ" ಎಂಬುದು ಪರೀಕ್ಷೆಗೆ ಓದುವವರಿಗೆ ದೂರು, ಸಂಶೋಧಕರಿಗೆ ನಿಧಿ.

ಕನ್ನಡದಲ್ಲಿ ತೊಡಕು ಇನ್ನೂ ಒಳಗಿದೆ. ಇಂಗ್ಲಿಷಿನಲ್ಲಿ 'ಇಲ್ಲ' ಎಂಬುದು ಬಹುಮಟ್ಟಿಗೆ ಬೇರೆಯೇ ಪದವಾಗಿ ನಿಲ್ಲುತ್ತದೆ. ನಮ್ಮಲ್ಲಿ ಅದು ಪದದ ಹೊಟ್ಟೆಯೊಳಗೆ ಕೂರುತ್ತದೆ. ಚೆನ್ನಾಗಿದೆ, ಚೆನ್ನಾಗಿಲ್ಲ. ಮುಕ್ಕಾಲು ಪದ ಒಂದೇ, ಅರ್ಥ ಎದುರುಬದುರು. ಹಾಗಾದರೆ ಪದದ ಕೊನೆಯಲ್ಲಿ 'ಇಲ್ಲ' ಕಂಡರೆ ತೆಗಳಿಕೆ ಎಂದು ಯಂತ್ರಕ್ಕೆ ಕಲಿಸೋಣವೇ? "ಪರವಾಗಿಲ್ಲ" ಎಂಬ ಪದ ಅಡ್ಡ ಬರುತ್ತದೆ. "ಲೈಬ್ರರಿ ಪರವಾಗಿಲ್ಲ" ಎಂದರೆ ಸಾಧಾರಣ ಚೆನ್ನಾಗಿದೆ ಎಂದು. "ಇಂಥ ಲೈಬ್ರರಿ ಎಲ್ಲೂ ಇಲ್ಲ" ಎಂಬುದನ್ನು ನಾವೇ ಹೇಳುವವರ ಮುಖ ನೋಡದೆ ಅರ್ಥ ಮಾಡಿಕೊಳ್ಳಲಾರೆವು. ಮೈಸೂರು ಕಡೆಯವರು ಚೆನ್ನಾಗಿದೆ ಎಂದದ್ದನ್ನು ಧಾರವಾಡದವರು ಛಲೋ ಐತಿ ಎನ್ನುತ್ತಾರೆ, ಕಲಬುರಗಿಯವರು ಛಂದ ಅದ ಎನ್ನುತ್ತಾರೆ, ಮಂಗಳೂರಿನವರಿಗೆ ಅದು ಲಾಯ್ಕ ಉಂಟು. ಇದರ ಮೇಲೆ ಅರ್ಧಕ್ಕರ್ಧ ಜನ ಕನ್ನಡವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಟೈಪ್ ಮಾಡುತ್ತಾರೇನೋ ಅನ್ನಿಸುತ್ತದೆ. 'ಚೆನ್ನಾಗಿದೆ' ಎಂಬುದರ ಮೊದಲ ಅಕ್ಷರಕ್ಕೆ ಎರಡು ಬಗೆ, ಒತ್ತಕ್ಷರಕ್ಕೆ ಒಂದು ಎನ್ ಅಥವಾ ಎರಡು, ದೀರ್ಘಕ್ಕೆ ಒಂದು ಎ ಅಥವಾ ಎರಡು, ಕೊನೆಗೆ ಮತ್ತೆರಡು ಬಗೆ. ಅಲ್ಲಿಗೇ ಒಂದೇ ಪದಕ್ಕೆ 16 ರೂಪವಾಯಿತು. ಯಂತ್ರಕ್ಕೆ ಅವು 16 ಬೇರೆ ಪದಗಳು.

2018ರ ನಂತರ ಬಂದ ಭಾಷಾ ಮಾದರಿಗಳು ಪದಗಳನ್ನು ಚೀಲಕ್ಕೆ ಸುರಿಯುವುದಿಲ್ಲ. ಅಕ್ಕಪಕ್ಕದ ಪದಗಳ ಜೊತೆ ಇಟ್ಟು ಓದುತ್ತವೆ. ಅವುಗಳಲ್ಲಿ ಕನ್ನಡ ಕಲಿತವೂ ಇವೆ. ಆದರೆ ಕಲಿಯಲು ಮಾದರಿ ಬೇಕಲ್ಲ. 2020ರಲ್ಲಿ ಸಂಶೋಧಕರ ತಂಡವೊಂದು ಯೂಟ್ಯೂಬಿನಿಂದ ಕನ್ನಡ ಇಂಗ್ಲಿಷ್ ಬೆರೆತ 7,671 ಟಿಪ್ಪಣಿಗಳನ್ನು ಆಯ್ದು, ಒಂದೊಂದನ್ನೂ ಮನುಷ್ಯರಿಂದ ಓದಿಸಿ, ಇದು ಹೊಗಳಿಕೆ, ಇದು ತೆಗಳಿಕೆ, ಇದು ಬೈಗುಳ ಎಂದು ಗುರುತು ಹಾಕಿಸಿತು. ಕೋಟಿಗಟ್ಟಲೆ ಜನ ಆಡುವ ನುಡಿಗೆ ಏಳೂವರೆ ಸಾವಿರ ಮಾತಿನ ಪಾಠ ಎಷ್ಟು ಸಣ್ಣದು! ಆದರೂ ಆ ಕೆಲಸದ ಮೇಲೆ ನನಗೆ ದೊಡ್ಡ ಗೌರವ. ನಾವು ದಿನಾ ಆಡುವ, ಶುದ್ಧವಲ್ಲವೆಂದು ಮೇಷ್ಟ್ರುಗಳು ತಿದ್ದುವ ಬೆರಕೆ ಮಾತನ್ನು ಯಾರೋ ಕೂತು, ಇದೂ ಕನ್ನಡವೇ, ಇದಕ್ಕೂ ಅರ್ಥವಿದೆ ಎಂದು ಓದಿದರಲ್ಲ.

ಯಂತ್ರ ಎಲ್ಲವನ್ನೂ ಸರಿಯಾಗಿ ಓದಿತು ಎಂದೇ ಇಟ್ಟುಕೊಳ್ಳೋಣ. ಆಗಲೂ ಉಳಿಯುವ ಪ್ರಶ್ನೆಯೇ ನನ್ನನ್ನು ಹೆಚ್ಚು ಕಾಡುವಂಥದು. ಬರೆದವರು ಯಾರು? ಬರೆಯದವರು ಯಾರು?

ನಾನ್ ಹು, ಪಾಲ್ ಪಾವ್ಲೂ ಮತ್ತು ಜೀ ಜಾಂಗ್ ಎಂಬ ಸಂಶೋಧಕರು 2009ರಲ್ಲಿ ಒಂದು ಲೇಖನ ಪ್ರಕಟಿಸಿದರು. ಅಮೆಜಾನಿನಲ್ಲಿ ಜನ ಕೊಟ್ಟ ನಕ್ಷತ್ರಗಳನ್ನು ಕಂಬಗಳಾಗಿ ನಿಲ್ಲಿಸಿದರೆ ಇಂಗ್ಲಿಷಿನ ಜೆ ಅಕ್ಷರದಂತೆ ಕಾಣುತ್ತದೆ. ಐದು ನಕ್ಷತ್ರದ ಕಂಬ ಎತ್ತರ, ಒಂದು ನಕ್ಷತ್ರದ್ದು ಅದಕ್ಕಿಂತ ಗಿಡ್ಡ, ನಡುವೆ ತಗ್ಗು. ಅದೇ ವಸ್ತುವಿಗೆ ಒಂದು ಗುಂಪಿನ ಎಲ್ಲರಿಂದಲೂ ಅಂಕ ಹಾಕಿಸಿದಾಗ ಜೆ ಮಾಯವಾಗಿ, ನಡುವೆ ಉಬ್ಬಿ ಅಂಚಿನಲ್ಲಿ ಇಳಿಯುವ ಗುಡ್ಡ ಬಂತು. ಬಹಳ ಖುಷಿಯಾದವರು ಬರೆಯುತ್ತಾರೆ, ಬಹಳ ಸಿಟ್ಟಾದವರು ಬರೆಯುತ್ತಾರೆ. "ಪರವಾಗಿಲ್ಲ" ಅನ್ನುವವರು ಮನೆಗೆ ಹೋಗಿ ಊಟ ಮಾಡಿ ಮಲಗುತ್ತಾರೆ. ಹೀಗಿರುವಾಗ ನಕ್ಷತ್ರಗಳ ಸರಾಸರಿ ತೆಗೆದು ಗ್ರಂಥಾಲಯಕ್ಕೆ 3.4 ಬಂತು, ಪಕ್ಕದೂರಿನದಕ್ಕೆ 4.1 ಬಂತು ಎಂದು ಹೋಲಿಸುವುದು ನನಗೆ ಒಪ್ಪಿಗೆಯಿಲ್ಲ. ತಗ್ಗಿನಲ್ಲಿ ಯಾರೂ ನಿಂತಿಲ್ಲದ ಕಡೆ ನಡುವಿನ ಅಂಕ ಯಾರ ಅಭಿಪ್ರಾಯವೂ ಅಲ್ಲ.

ಮೊದಲು ಬರೆದವರ ಪ್ರಭಾವವೂ ಉಂಟು. ಲೆವ್ ಮುಚ್ನಿಕ್, ಸಿನಾನ್ ಅರಲ್ ಮತ್ತು ಶಾನ್ ಟೇಲರ್ ಒಂದು ಸುದ್ದಿತಾಣದ 1,01,281 ಟಿಪ್ಪಣಿಗಳ ಮೇಲೆ ಮಾಡಿದ ಪ್ರಯೋಗವನ್ನು 2013ರಲ್ಲಿ ಪ್ರಕಟಿಸಿದರು. ಕೆಲವಕ್ಕೆ, ಚೀಟಿ ಎತ್ತಿದಂತೆ ಆಯ್ದು, ಹುಟ್ಟುತ್ತಲೇ ಒಂದು ಸುಳ್ಳು ಮೆಚ್ಚುಗೆ ಕೊಟ್ಟರು. ಆ ಒಂದೇ ಒಂದು ಮೆಚ್ಚುಗೆ ಕೊನೆಯ ಅಂಕವನ್ನು ಸರಾಸರಿ ನೂರಕ್ಕೆ 25ರಷ್ಟು ಏರಿಸಿತು. ಸುಳ್ಳು ತೆಗಳಿಕೆ ಮಾತ್ರ ಹಾಗೆ ಬೆಳೆಯಲಿಲ್ಲ. ಮುಂದೆ ಬಂದವರು ಅದನ್ನು ಸರಿಪಡಿಸಿಬಿಟ್ಟರು. ಜನಸಮೂಹದಲ್ಲಿ ಇಂಥದೊಂದು ಔದಾರ್ಯ ಇದೆ ಎಂದು ತಿಳಿದು ನನಗೆ ಸಮಾಧಾನವಾಯಿತು, ಗ್ರಂಥಪಾಲಕರಿಗೂ ಅದನ್ನು ಹೇಳಿದೆ.

ಆದರೆ ಈ ಎಲ್ಲ ಲೆಕ್ಕದ ಹೊರಗೆ ಇರುವವರೇ ಹೆಚ್ಚು. ಕರ್ನಾಟಕದ ಗ್ರಾಮ ಪಂಚಾಯಿತಿಗಳಲ್ಲಿ ಐದು ಸಾವಿರಕ್ಕೂ ಹೆಚ್ಚು ಗ್ರಂಥಾಲಯಗಳಿವೆ. ಈಗ ಅವಕ್ಕೆ ಅರಿವು ಕೇಂದ್ರ ಎಂದು ಹೆಸರು. ಶಾಲೆ ಬಿಟ್ಟ ಮೇಲೆ ಬ್ಯಾಗು ಹೆಗಲಲ್ಲಿಟ್ಟುಕೊಂಡೇ ಅಲ್ಲಿಗೆ ನುಗ್ಗುವ ಮಕ್ಕಳು ಯಾವ ನಕಾಶೆಯಲ್ಲೂ ನಕ್ಷತ್ರ ಒತ್ತುವುದಿಲ್ಲ. ಬೆಳಗ್ಗೆ ಹಾಲು ಹಾಕಿ ಪೇಪರ್ ನೋಡಿ ಹೋಗುವ ರೈತರೂ ಒತ್ತುವುದಿಲ್ಲ. ಬ್ರೈಲ್ ಪುಸ್ತಕ ಓದಲು ಬರುವವರಿಗೆ ಆ ನಕ್ಷತ್ರಗಳಿರುವ ಪುಟವೇ ಒಂದು ಗೋಡೆಯಾಗಿರಬಹುದು. ಊರಿನ ಮಾತು ಹೆಚ್ಚಾಗಿ ನಡೆಯುವುದು ವಾಟ್ಸಾಪ್ ಗುಂಪುಗಳಲ್ಲಿ. ಅಲ್ಲಿನ ಸಂದೇಶ ಕಳಿಸಿದವರನ್ನೂ ಪಡೆದವರನ್ನೂ ಬಿಟ್ಟು ನಡುವೆ ಯಾರಿಗೂ ಓದಲಾಗದಂತೆ ಗೂಢಲಿಪಿಯಲ್ಲಿ ಹೋಗುತ್ತದೆ. ಅದು ಹಾಗೇ ಇರಲಿ. ಮನೆಯ ಜಗಲಿಯ ಮಾತನ್ನು ಕಚೇರಿ ಕದ್ದು ಕೇಳಬಾರದು.

ಬೆಂಗಳೂರಿನಲ್ಲಿ ಬಾಳಿನ ಕೊನೆಯ ವರ್ಷಗಳನ್ನು ಕಳೆದ ಗ್ರಂಥಪಾಲಕರೊಬ್ಬರು ಎಂದೆನಲ್ಲ, ಆ ಎಸ್. ಆರ್. ರಂಗನಾಥನ್ ಅವರ ಹೆಸರನ್ನು ಇಷ್ಟು ಹೊತ್ತು ತಡೆದಿಟ್ಟಿದ್ದೆ. ಮದ್ರಾಸಿನಲ್ಲಿ ಗಣಿತದ ಮೇಷ್ಟ್ರಾಗಿದ್ದವರು 1924ರಲ್ಲಿ ಅಲ್ಲಿನ ವಿಶ್ವವಿದ್ಯಾಲಯದ ಗ್ರಂಥಪಾಲಕರಾದರು, ತರಬೇತಿಗೆಂದು ಲಂಡನ್ನಿಗೆ ಹೋದರು. ಅಲ್ಲಿನ ಒಂದು ದೊಡ್ಡ ಅಂಗಡಿಯಲ್ಲಿ ಮೆಕ್ಯಾನೊ ಎಂಬ ಆಟಿಕೆ ನೋಡಿದರು. ಪಟ್ಟಿ, ಚಕ್ರ, ನಟ್ಟು, ಬೋಲ್ಟು ಅವೇ. ಜೋಡಿಸುವ ಬಗೆ ಬದಲಾದರೆ ಒಮ್ಮೆ ಕ್ರೇನು, ಒಮ್ಮೆ ಸೇತುವೆ. ಪುಸ್ತಕದ ವಿಷಯವೂ ಹೀಗೆಯೇ ಬಿಡಿ ಮುಖಗಳ ಜೋಡಣೆ ಎಂದು ಅವರಿಗೆ ಹೊಳೆಯಿತು. 1933ರಲ್ಲಿ ಬಂದ ಅವರ ಕೋಲನ್ ವರ್ಗೀಕರಣ ಆ ಹೊಳಹಿನಿಂದ ಬೆಳೆದದ್ದು. ಕೊನೆಯ ವರ್ಷಗಳಲ್ಲಿ ಬೆಂಗಳೂರಿಗೆ ಬಂದು ನೆಲೆಸಿ, 1962ರಲ್ಲಿ ಇಲ್ಲೇ ದಾಖಲೀಕರಣದ ಸಂಶೋಧನಾ ಕೇಂದ್ರವನ್ನು ಕಟ್ಟಿ, 1972ರಲ್ಲಿ ಇಲ್ಲೇ ತೀರಿಕೊಂಡರು.

ಇಂದು ಅಭಿಪ್ರಾಯ ಓದುವ ಯಂತ್ರಗಳಿಗೆ ಕಲಿಸುತ್ತಿರುವುದೂ ಬಿಡಿ ಮುಖಗಳ ಇದೇ ಪಾಠ. ಇಡೀ ಟಿಪ್ಪಣಿಗೆ ಒಂದು ಅಂಕ ಕೊಡಬೇಡ, ಅದನ್ನು ಮುಖಗಳಾಗಿ ಬಿಡಿಸು, ಒಂದೊಂದು ಮುಖಕ್ಕೂ ಬೇರೆ ಬೇರೆ ಭಾವ ಗುರುತಿಸು. 2014ರಲ್ಲಿ ಇದಕ್ಕೆಂದು ನಡೆದ ಅಂತರರಾಷ್ಟ್ರೀಯ ಸ್ಪರ್ಧೆಯೊಂದರಲ್ಲಿ ಹೋಟೆಲಿನ ವಿಮರ್ಶೆಗಳನ್ನು ಊಟ, ಸೇವೆ, ಬೆಲೆ, ವಾತಾವರಣ ಎಂದು ಬಿಡಿಸಿದ್ದರು. ಗ್ರಂಥಾಲಯಕ್ಕೆ ಯಾವ ಮುಖಗಳು? ಹೊಸದಾಗಿ ಹುಡುಕುವುದೇ ಬೇಡ ಎಂದು ನನ್ನ ವಾದ. ರಂಗನಾಥನ್ 1931ರಲ್ಲೇ ಐದು ಸೂತ್ರಗಳನ್ನು ಕೊಟ್ಟಿದ್ದಾರೆ. ಪುಸ್ತಕ ಇರುವುದು ಬಳಕೆಗೆ. ಪ್ರತಿ ಓದುಗನಿಗೂ ಅವನ ಪುಸ್ತಕ. ಪ್ರತಿ ಪುಸ್ತಕಕ್ಕೂ ಅದರ ಓದುಗ. ಓದುಗನ ಸಮಯ ಉಳಿಸು. ಗ್ರಂಥಾಲಯ ಬೆಳೆಯುವ ಜೀವಿ.

ನಾವು ಒಂದು ಉದ್ದ ನೋಟ್‌ಬುಕ್ ತೆಗೆದು ಐದು ಗೆರೆ ಎಳೆದೆವು. ಬೀರುವಿಗೆ ಬೀಗ ಎಂಬ ದೂರು ಮೊದಲ ಕಾಲಮ್ಮಿಗೆ. ಉರ್ದು ಪತ್ರಿಕೆ ತರಿಸಿ, ನೀಟ್ ಪುಸ್ತಕ ತರಿಸಿ ಎಂಬುದು ಎರಡಕ್ಕೆ. ಹೊಸ ಪುಸ್ತಕ ಬಂದದ್ದೇ ಗೊತ್ತಾಗಲಿಲ್ಲ ಎಂಬುದು ಮೂರಕ್ಕೆ. "ಎರಡು ಸಲ ಬಂದೆ" ಎಂಬ ನಮ್ಮ ಒಂದು ನಕ್ಷತ್ರದ ಗೆಳೆಯ ನಾಲ್ಕಕ್ಕೆ, ಅವರ ಎರಡು ದಿನ ಹಾಳಾಗಿತ್ತಲ್ಲ. ಕೂರಲು ಜಾಗ ಸಾಲದು, ಪ್ಲಗ್ ಪಾಯಿಂಟ್ ಸಾಲದು ಎಂಬುದೆಲ್ಲ ಐದಕ್ಕೆ. ಕೈಯಿಂದಲೇ ತುಂಬುತ್ತಾ ಹೋದಾಗ ಒಂದು ವಿಷಯ ಗಮನಕ್ಕೆ ಬಂತು. ಐದು ನಕ್ಷತ್ರ ಕೊಟ್ಟವರ ಮಾತಿನಲ್ಲೂ ಕೋರಿಕೆ ಅಡಗಿರುತ್ತದೆ. "ಸೂಪರ್ ಜಾಗ, ಫ್ಯಾನ್ ಗಾಳಿ ಚೆನ್ನಾಗಿ ಬರುತ್ತೆ, ರಾತ್ರಿ ಒಂಬತ್ತರ ತನಕ ಇದ್ದಿದ್ದರೆ" ಎಂದು ಪರೀಕ್ಷೆಗೆ ಓದುವ ಹುಡುಗರು ಬರೆದಿದ್ದರು. ನಕ್ಷತ್ರ ಎಣಿಸಿದರೆ ಆ 'ಇದ್ದಿದ್ದರೆ' ಕಾಣುವುದೇ ಇಲ್ಲ.

ನೋಟ್‌ಬುಕ್ಕಿನಲ್ಲಿ ಯಾರ ಹೆಸರನ್ನೂ ಬರೆಯಲಿಲ್ಲ. ಗ್ರಂಥಪಾಲಕರು ಹೆಸರಿಗೊಂದು ಕಾಲಮ್ಮು ಎಳೆಯಹೊರಟಾಗ ಬೇಡ ಎಂದವನು ನಾನು. ಇದಕ್ಕೆ ಹಿನ್ನೆಲೆಯಿದೆ. 2005ರಲ್ಲಿ ಅಮೆರಿಕದ ಕನೆಕ್ಟಿಕಟ್ ರಾಜ್ಯದಲ್ಲಿ, ಗ್ರಂಥಾಲಯದ ಕಂಪ್ಯೂಟರನ್ನು ಬಳಸಿದವರ ವಿವರ ಕೊಡಿ, ನಾವು ಕೇಳಿದ್ದನ್ನು ಯಾರಿಗೂ ಹೇಳಬೇಡಿ ಎಂದು ಎಫ್‌ಬಿಐ ಪತ್ರ ಕೊಟ್ಟಿತು. ನಾಲ್ವರು ಗ್ರಂಥಪಾಲಕರು ಕೊಡುವುದಿಲ್ಲ ಎಂದು ನ್ಯಾಯಾಲಯಕ್ಕೆ ಹೋದರು. 2006ರಲ್ಲಿ ಸರ್ಕಾರವೇ ಹಿಂದೆ ಸರಿಯಿತು. ಯಾರು ಏನು ಓದುತ್ತಾರೆ ಎಂಬುದು ಓದುಗನ ಸ್ವಂತ ವಿಷಯ ಎಂಬುದು ಈ ವೃತ್ತಿಯ ಧರ್ಮ. ಓದಿದ್ದಕ್ಕೆ ಇರುವ ಕಾವಲು ಆಡಿದ್ದಕ್ಕೂ ಇರಬೇಕು. ಭಾರತದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ, ವ್ಯಕ್ತಿ ತಾನೇ ಬಹಿರಂಗವಾಗಿ ಪ್ರಕಟಿಸಿದ ಮಾಹಿತಿಯನ್ನು ತನ್ನ ವ್ಯಾಪ್ತಿಯಿಂದ ಹೊರಗಿಟ್ಟಿದೆ. ಹಾಗಾಗಿ ಬಯಲಿನಲ್ಲಿ ಆಡಿದ ಮಾತನ್ನು ಹೆಸರು ಸಹಿತ ಪಟ್ಟಿ ಮಾಡಿಟ್ಟರೆ ಆ ಕಾಯ್ದೆ ತಡೆಯುವುದಿಲ್ಲ. ತಡೆಯಬೇಕಾದದ್ದು ನಮ್ಮ ವಿವೇಕ. ದೂರಿದವರನ್ನು ಮೇಜಿನ ಬಳಿ ಬೊಟ್ಟುಮಾಡಿ ತೋರಿಸುವ ಗ್ರಂಥಾಲಯಕ್ಕೆ ಯಾರು ನಿಜ ಹೇಳುತ್ತಾರೆ?

ಎಲ್ಲವನ್ನೂ ಕೂಡಿಡುವ ಆಸೆಯೂ ಬೇಡ. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ 2010ರಲ್ಲಿ ಪ್ರತಿಯೊಂದು ಬಹಿರಂಗ ಟ್ವೀಟನ್ನೂ ಸಂಗ್ರಹಿಸುತ್ತೇವೆ ಎಂದು ಸಾರಿತು. 2013ರ ಆರಂಭಕ್ಕೆ ಅದರ ಬಳಿ ಸುಮಾರು 17,000 ಕೋಟಿ ಟ್ವೀಟುಗಳಿದ್ದವು, ದಿನಕ್ಕೆ ಇನ್ನೂ 50 ಕೋಟಿಯಷ್ಟು ಸೇರುತ್ತಿದ್ದವು. 2017ರ ಕೊನೆಗೆ ಆ ಕೆಲಸ ನಿಲ್ಲಿಸಿ, ಇನ್ನು ಆಯ್ದದ್ದನ್ನು ಮಾತ್ರ ಇಡುತ್ತೇವೆ ಎಂದಿತು. ಜಗತ್ತಿನ ಅತಿ ದೊಡ್ಡ ಗ್ರಂಥಾಲಯಗಳಲ್ಲೊಂದು ಅದು. ನಮ್ಮದು ಒಂದು ನೋಟ್‌ಬುಕ್, ವಾರಕ್ಕೊಂದು ಸಂಜೆ.

ಮೂರನೇ ವಾರದ ಸಂಜೆ ಕಾಲಮ್ಮುಗಳನ್ನು ನೋಡುತ್ತಾ ಕೂತಿದ್ದಾಗ ಮೇಷ್ಟ್ರು ಎದ್ದು ತಮ್ಮ ಕುರ್ಚಿ ಎತ್ತಿಕೊಂಡು ಬಂದರು. ಅಂದೇ ನನಗೆ ಕೇಳಬೇಕೆನಿಸಿದ್ದು. "ಮೇಷ್ಟ್ರೇ, ಮೇಜಿನ ಹತ್ತಿರ ಜಾಗ ಖಾಲಿ ಇದ್ದರೂ ನೀವು ದಿನಾ ಕುರ್ಚಿ ಕಿಟಕಿ ಹತ್ತಿರ ಒಯ್ಯೋದು ಯಾಕೆ?"

ಅವರು ಸ್ವಲ್ಪ ಸಂಕೋಚದಿಂದ ಮೇಲೆ ನೋಡಿದರು. "ಈ ಫ್ಯಾನು ತಿರುಗಿದ್ರೆ ಒಂದೇ ಸ್ಪೀಡು ಕಣಪ್ಪ. ಪೇಪರ್ ಹಾರುತ್ತೆ, ಒಂದು ಕೈಯಲ್ಲಿ ಒತ್ತಿ ಹಿಡ್ಕೊಂಡು ಓದಕ್ಕೆ ನನ್ನ ಕೈ ನಡುಗುತ್ತೆ. ಆ ಹುಡುಗರಿಗೆ ಗಾಳಿ ಬೇಕು, ಪರೀಕ್ಷೆಗೆ ಓದ್ತಾವೆ ಪಾಪ. ಆಫ್ ಮಾಡಿ ಅಂತ ಹೆಂಗೆ ಹೇಳೋದು?"

"ಎಷ್ಟು ದಿನದಿಂದ ಹೀಗೆ?"

"ಹೋದ ಬೇಸಿಗೆಯಿಂದ."

ಗ್ರಂಥಪಾಲಕರು ಎದ್ದು ಹೋಗಿ ರೆಗ್ಯುಲೇಟರಿನ ಗುಂಡಿ ತಿರುಗಿಸಿ ನೋಡಿದರು. ಒಂದು, ಎರಡು, ಮೂರು, ಎಲ್ಲಕ್ಕೂ ಫ್ಯಾನು ಒಂದೇ ರಭಸದಲ್ಲಿ ತಿರುಗುತ್ತಿತ್ತು. ಹುಡುಗರು ಐದು ನಕ್ಷತ್ರ ಕೊಟ್ಟು ಹೊಗಳಿದ್ದ ಅದೇ ಗಾಳಿ. ಅವರು ಹಿಂದಿರುಗಿ ಬಂದು ಪೆನ್ನು ತೆಗೆದು, "ಯಾವ ಕಾಲಮ್ಮಿಗೆ ಹಾಕಲಿ ಸಾರ್?" ಎಂದರು. ನಾನು ನಾಲ್ಕು ಎಂದೆ. ಅವರು ಒಂದು ಕ್ಷಣ ಯೋಚಿಸಿ, "ಇಲ್ಲ ಸಾರ್, ಮೊದಲನೇದು. ಪೇಪರ್ ಕೈಯಲ್ಲಿದ್ದೂ ಓದಕ್ಕಾಗ್ತಿಲ್ಲ ಅವರಿಗೆ" ಎಂದು ಅಲ್ಲೇ ಬರೆದುಕೊಂಡರು. 'ಫ್ಯಾನ್ ರೆಗ್ಯುಲೇಟರ್.' ಪಕ್ಕದಲ್ಲಿ ಅಂದಿನ ತಾರೀಖು.